ಓದುಗರ ಸ್ಪಂದನ: ಹಡಗಿಗೆ ಕಳಿಸಲೇ, ಬೇಡವೇ?

ಹೋದ ಸಂಚಿಕೆಯಲ್ಲಿ ಮಲ್ಪೆಯ ಓದುಗಿಯೊಬ್ಬರು ಬರೆದಿದ್ದರು. ಗಂಡ ಸರಕು ಹಡಗಿನಲ್ಲಿ ಸೀಮನ್. ವರ್ಷಗಟ್ಟಲೆ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್, ಆಡುಮಾತಲ್ಲಿ ಗರ್ದ್) ಸೇದಿದವರು, ಈಗ ಆ ಚಟದ ಚಿಕಿತ್ಸೆಗೆ ಕೊಡುವ ಬ್ಯುಪ್ರೆನಾರ್ಫಿನ್ ಗುಳಿಗೆಯಲ್ಲಿ ಸುಧಾರಿಸಿದ್ದಾರೆ. "ಸಮುದ್ರದ ಮಧ್ಯೆ ಗರ್ದ್ ಎಲ್ಲಿ ಸಿಗುತ್ತದೆ? ಕಂಪನಿಗೆ ಹೇಳದೆ ಕಳಿಸಿದರೆ ತಪ್ಪಾ?" ಅಂತ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವನ್ನು ಮೊಟಕು ಮಾಡಿದ್ದೇವೆ. ಮೊದಲನೆಯದನ್ನು ಮಾಡಿಲ್ಲ.

ತಂಗಿ, ನನ್ನಣ್ಣನೂ ಹಡಗಿನವನೇ. ರಜೆಯಲ್ಲಿ ಬಂದಾಗ ಬಚ್ಚಲಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸಿಗುತ್ತಿತ್ತು, ನಡುವೆ ಉದ್ದಕ್ಕೆ ಗರ್ದ್ ಕಾಸಿದ ಕಪ್ಪು ಗೆರೆ. ಅಮ್ಮ ಅದನ್ನು ಒಲೆಗೆ ಹಾಕುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ. ಕೊನೆಕೊನೆಗೆ ಸೂಜಿಗೂ ಇಳಿದ. ನಾವೂ ನಿನ್ನ ಹಾಗೇ ಲೆಕ್ಕ ಹಾಕಿದ್ದು, ಹಡಗು ಹತ್ತಿದರೆ ಸರಿಯಾಗ್ತಾನೆ ಅಂತ. ಸರಿಯಾದ ಕೂಡ! ಮೊದಲ ವಾರ ಮೈಕೈ ನೋವು, ವಾಂತಿ, ಭೇದಿ. ಅದರಲ್ಲೇ ವಾಚ್‌ಗೆ, ಅಂದರೆ ಪಾಳಿಗೆ, ನಿಂತನಂತೆ. ಆಮೇಲೆ ಮೈ ತುಂಬಿಕೊಂಡ, ಫೋಟೋ ಕಳಿಸಿದ. ಕಾಂಟ್ರಾಕ್ಟ್ ಮುಗಿಸಿ ಮುಂಬೈಯಲ್ಲಿ ಸೈನ್ ಆಫ್ ಆಗಿ ಹಡಗು ಇಳಿದ. ಕೈತುಂಬ ದುಡ್ಡು. ಊರಿನ ಬಸ್ಸು ಮರುದಿನ. ಅವತ್ತು ಸಂಜೆ ಹಳೇ ಗೆಳೆಯರ ಜೊತೆ ಹಳೇ ಅಳತೆಯಲ್ಲೇ ತಗೊಂಡ. ತಿಂಗಳುಗಟ್ಟಲೆ ಬಿಟ್ಟ ಮೈ ಅದನ್ನು ತಡೆಯಲಿಲ್ಲ, ಉಸಿರೇ ನಿಂತಿತು. ಬಿಟ್ಟವರಿಗೆ ಹಳೇ ಡೋಸೇ ಜೀವ ತೆಗೆಯುತ್ತೆ ಅಂತ ಡಾಕ್ಟರು ನಮಗೆ ಹೇಳಿದ್ದು ಎಲ್ಲಾ ಮುಗಿದ ಮೇಲೆ. ಹಡಗಲ್ಲಿರುವ ದಿನಗಳ ಮಾತು ಬಿಡು, ಇಳಿಯುವ ದಿನಕ್ಕೆ ಹೆದರು. ಕಳಿಸುವುದೇ ಆದರೆ, ಅವತ್ತು ನೀನೇ ಹೋಗಿ ಗೇಟಿನಲ್ಲಿ ನಿಲ್ಲು.
– ಓದುಗಿ, ಕುಂದಾಪುರ

ಮುಂದಿನದು ಕಾರ್ಡಿನಲ್ಲಿ ಬಂದದ್ದು.

ಹೋಗಬೇಕೋ ಬೇಡವೋ ಅಂತ ಗಂಡನನ್ನು ಕೇಳಿದಿರಾ? ಇಡೀ ಪತ್ರದಲ್ಲಿ ಅವರದು ಒಂದು ಮಾತೂ ಇಲ್ಲ.
– ಪುತ್ತೂರು

'ಕಳಿಸಿ, ಉಪ್ಪುಗಾಳಿಯೇ ಮದ್ದು' ಅಂದವರೂ ಸುಮಾರು ಜನ ಇದ್ದಾರೆ. ಅವರಿಗೆ ಜಾಗ ಸಾಲಲಿಲ್ಲ.

ನಾನು ಹಡಗಿನಲ್ಲಿ ಬೋಸನ್ (ಡೆಕ್ ಕೆಲಸಗಾರರ ಮೇಸ್ತ್ರಿ) ಆಗಿ ರಿಟೈರ್ ಆದವನು. ಗುಳಿಗೆಯನ್ನು ಬ್ಯಾಗಿನಲ್ಲಿ ಬಚ್ಚಿಟ್ಟು ಕಳಿಸಬೇಡಿ ಅಮ್ಮ. ಇಲ್ಲಿ ಅದು ಔಷಧ. ಸಿಂಗಾಪುರದಲ್ಲಿ 2006ರಿಂದ ಹೆರಾಯಿನ್ ಇರುವ ಪಟ್ಟಿಯಲ್ಲೇ ಅದೂ ಇದೆ. ಕಸ್ಟಮ್ಸ್‌ನವರು ಕ್ಯಾಬಿನ್ ಜಾಲಾಡಿದರೆ ಕ್ಯಾಪ್ಟನ್ ಕೂಡ ಕಾಪಾಡಲ್ಲ. ಹಾಗಂತ ಗುಳಿಗೆ ತಟ್ಟನೆ ನಿಲ್ಲಿಸಿ ಹತ್ತಿಸಿದರೆ ಇನ್ನೂ ಕಷ್ಟ. ಹಡಗನ್ನು ದಕ್ಕೆಗೆ ಬಿಗಿದು ಕಟ್ಟುವಾಗ ಮೂರಿಂಗ್ ಹಗ್ಗ ಹರಿದರೆ ಚಾಟಿಯ ಹಾಗೆ ಬೀಸುತ್ತೆ. ಆಗ ಒಬ್ಬನ ಕೈ ನಡುಗಿದರೆ ಹೋಗೋದು ಪಕ್ಕದವನ ಕಾಲು. ಮೆಡಿಕಲ್ ಮಾಡುವ ಡಾಕ್ಟರಿಗೆ ಇದ್ದದ್ದು ಹೇಳಿ. ಅನ್‌ಫಿಟ್ ಅಂದರೆ ಅನ್ನಲಿ, ದಡದಲ್ಲಿ ಗುಳಿಗೆ ತಪ್ಪದೆ ಸಿಗುತ್ತೆ ಅಲ್ವಾ?
– ಸುರತ್ಕಲ್

ಹೋಗಲಿ ಬಿಡಲಿ, ಸಂಬಳದ ಅಲಾಟ್‌ಮೆಂಟ್ (ಕಂಪನಿ ಮನೆಗೆ ಕಳಿಸುವ ಪಾಲು) ಮಾತ್ರ ನಿಮ್ಮ ಖಾತೆಗೆ ಹಾಕಿಸಿಕೊಳ್ಳಿ. ನಮ್ಮನೆಯವರು ಕುಡಿದೇ ಮುಗಿಸಿದರು.
– ಕಾರವಾರ

ಮಗನನ್ನು ಮೊನ್ನೆಯಷ್ಟೇ ಹಡಗಿನ ಕೆಲಸದ ಜಿಪಿ ರೇಟಿಂಗ್ ಕೋರ್ಸಿಗೆ ಸೇರಿಸಿದೆ. ಇದನ್ನು ಯಾಕಾದರೂ ಓದಿದೆನೋ. ಬಿಡಿಸಿಬಿಡಲಾ?
– ಉಳ್ಳಾಲ

ಉಳ್ಳಾಲದ ತಾಯಿಗೆ ನಮ್ಮ ಮಾತು: ಬಿಡಿಸಬೇಡಿ. ಚಿಕಿತ್ಸೆಗೆ ಹೋದರೆ ಪೊಲೀಸರು ಹಿಡಿಯುತ್ತಾರಾ ಅಂತ ಹಲವರು ಕೇಳಿದ್ದಾರೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 64ಎ ಕಲಂ ನೋಡಿ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸು ಬಿದ್ದ ವ್ಯಸನಿ ಕೂಡ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಹೋದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಡಬಾರದು, ಅಷ್ಟೇ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಕರೆ ಉಚಿತ. ಮಲ್ಪೆಯ ಓದುಗಿಗೆ ಬಂದ ಪತ್ರಗಳೆಲ್ಲವನ್ನೂ ಅಂಚೆಯಲ್ಲಿ ಕಳಿಸುತ್ತಿದ್ದೇವೆ, ಗಂಡನ ಹೆಸರಿಗೆ ಬಂದ ಎರಡನ್ನು ಒಡೆಯದೆ.