ಚುಕ್ಕೆ ಹೋದ ಮೇಲೂ ನಿಲ್ಲಿಸಬೇಡ

ಸುಮಾ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ಮೀನಿನ ಟ್ಯಾಂಕಿನ ವಿಡಿಯೋ ಈಗ ನೋಡಿದೆ ಪುಟ್ಟಾ. ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ, ಕೆಲಸ ಮುಗಿಸಿಕೊಂಡು ಪೂರ್ತಿ ಕೇಳು.

ಗೋಲ್ಡ್‌ಫಿಶ್ ಮೈಮೇಲೆ ಚಿರೋಟಿ ರವೆ ಉದುರಿಸಿದ ಹಾಗೆ ಚುಕ್ಕೆ. ಎರಡು ಮೀನು ಕಲ್ಲಿಗೆ ಮೈ ಉಜ್ಜುತ್ತಿವೆ, ಒಂದು ಮೇಲೆ ಬಂದು ಬಾಯಿ ಬಿಡುತ್ತಿದೆ. ಇದು ಇಕ್, ಬಿಳಿ ಚುಕ್ಕೆ ರೋಗ ಅಂತಾರಲ್ಲ, ಅದೇ. ಹೋದ ವಾರ ಹೊಸ ಮೀನು ತಂದು ನೇರವಾಗಿ ಟ್ಯಾಂಕಿಗೆ ಬಿಟ್ಟೆ ಅಂದೆಯಲ್ಲ, ಅವುಗಳ ಜೊತೆಗೇ ಬಂದಿರಬೇಕು. ಮೇಲಿಂದ ಮೈಸೂರಿನ ಡಿಸೆಂಬರ್ ಚಳಿ ಬೇರೆ. ಮತ್ತೆ, ನಿಶು ನೀರಲ್ಲಿ ಕೈ ಹಾಕಿದ ಅಂತ ಹೆದರಬೇಡ. ಇದು ಮೀನಿಗೆ ಮಾತ್ರ ಅಂಟುವ ಜೀವಿ, ಮನುಷ್ಯರಿಗೆ ಬರುವುದಿಲ್ಲ. ಸೋಪು ಹಾಕಿ ಕೈ ತೊಳೆಸು, ಸಾಕು.

ಭಾವ, ಟ್ಯಾಂಕ್ ಖಾಲಿ ಮಾಡಿ ಎಲ್ಲ ತಿಕ್ಕಿ ತೊಳೆಯಲಿ ಅಂತ ನೀವು ಬರೆದಿದ್ದೀರಿ. ದಯವಿಟ್ಟು ಅದು ಬೇಡ. ರೋಗ ಈಗ ಮೀನಿನ ಚರ್ಮದ ಒಳಗೆ ಕೂತಿದೆ. ಟ್ಯಾಂಕ್ ಎಷ್ಟು ತೊಳೆದರೂ ಅದೇ ಮೀನಿನ ಜೊತೆ ವಾಪಸ್ ಬರುತ್ತದೆ. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆದರೆ ಮೀನಿನ ಹೊಲಸಿನಿಂದ ಬರುವ ಅಮೋನಿಯ ಎಂಬ ವಿಷವನ್ನು ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತದೆ. ಆಮೇಲೆ ಅಮೋನಿಯ ಏರಿ, ಕಾಯಿಲೆಯಲ್ಲಿ ಉಳಿದ ಮೀನು ಅದರಲ್ಲಿ ಹೋಗುತ್ತದೆ.

ಸುಮಾ, ಇನ್ನು ಮುಂದಿನದನ್ನು ಗಮನ ಕೊಟ್ಟು ಕೇಳು. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಏಳು ಮೀನಿಗೂ ಇದೇ ಬಂದಿತ್ತು. ಅಂಗಡಿಯವರು ಒಂದು ಸಲ ಔಷಧಿ ಹಾಕಿದರೆ ಸಾಕು ಅಂದರು. ಹಾಕಿದೆ. ಮೂರನೇ ದಿನ ಚುಕ್ಕೆಯೇ ಇಲ್ಲ! ಖುಷಿಯಿಂದ ನಿಲ್ಲಿಸಿದೆ. ಮುಂದಿನ ವಾರ ಎಲ್ಲ ಮೀನಿನ ಮೈತುಂಬಾ ಚುಕ್ಕೆ. ಕಪ್ಪು ಮೂರ್ ಅನ್ನುವ ಉಬ್ಬುಗಣ್ಣಿನ ಗೋಲ್ಡ್‌ಫಿಶ್ ಒಂದೇ ಉಳಿಯಿತು. ಆಗ ನನಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಆ ಚುಕ್ಕೆ ಔಷಧಿಗೆ ಹೋಗಿರಲಿಲ್ಲ. ಬಲಿತ ಮೇಲೆ ಚುಕ್ಕೆಯೊಳಗಿನ ಜೀವಿ ತಾನಾಗಿಯೇ ಮೀನಿನಿಂದ ಉದುರುತ್ತದೆ. ತಳಕ್ಕೆ ಹೋಗಿ, ಸುತ್ತ ಒಂದು ಚಿಪ್ಪಿನಂಥ ಪದರ ಕಟ್ಟಿಕೊಂಡು, ಒಳಗೇ ಒಡೆದು ಒಡೆದು ನೂರಾರು ಆಗುತ್ತದೆ. ಆ ಮರಿಗಳು ಹೊರಗೆ ಬಂದು ಈಜುತ್ತಾ ಮೀನನ್ನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಚರ್ಮದ ಒಳಗಿದ್ದಾಗಲೂ ಪದರದೊಳಗಿದ್ದಾಗಲೂ ಉಪ್ಪು, ಔಷಧಿ ಯಾವುದೂ ಮುಟ್ಟುವುದಿಲ್ಲ. ಈಜುವಾಗ ಮಾತ್ರ ಸಿಗುತ್ತವೆ. ಎಲ್ಲವೂ ಒಟ್ಟಿಗೆ ಈಜುವುದಿಲ್ಲ, ಅದಕ್ಕೇ ನಾವು ದಿನಗಟ್ಟಲೆ ಕಾಯಬೇಕು.

ಈಗ ಮಾಡುವ ಕೆಲಸ. ಮೊದಲು ಹೀಟರ್. ನಿನ್ನ ಎರಡಡಿ ಟ್ಯಾಂಕಿಗೆ 50 ವ್ಯಾಟಿನದು ಸಾಕು. ನೀರು 22 ಡಿಗ್ರಿ ಇದ್ದರೆ ದಿನಕ್ಕೆ ಎರಡು ಡಿಗ್ರಿಯಂತೆ 28ಕ್ಕೆ ಏರಿಸು, ಒಂದೇ ಸಲ ಬೇಡ. ತಣ್ಣೀರಲ್ಲಿ ಈ ಸುತ್ತು ವಾರಗಟ್ಟಲೆ ಎಳೆಯುತ್ತದೆ, ಬೆಚ್ಚಗಾದರೆ ಕೆಲವೇ ದಿನದಲ್ಲಿ ಮುಗಿದು ಮರಿಗಳು ಬೇಗ ಹೊರಗೆ ಬರುತ್ತವೆ. ಆದರೆ ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಮ್ಮಿ, ಏರ್ ಪಂಪ್ ಹಗಲು ರಾತ್ರಿ ಓಡುತ್ತಿರಲಿ. ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ ತೆಗಿ, ಮರೆಯಬೇಡ.

ಆಮೇಲೆ ಕಲ್ಲುಪ್ಪು. ಗೋಲ್ಡ್‌ಫಿಶ್‌ಗೆ ಲೀಟರಿಗೆ 3 ಗ್ರಾಂ. ನಿನ್ನ ಟ್ಯಾಂಕಿನ ನೀರು ಸುಮಾರು 50 ಲೀಟರ್, ಒಟ್ಟು 150 ಗ್ರಾಂ. ಕಣ್ಣಂದಾಜು ಬೇಡ, ತೂಕ ಮಾಡು. 50 ಗ್ರಾಂನಂತೆ ಮೂರು ಸಲ, ಹನ್ನೆರಡು ಗಂಟೆಗೊಮ್ಮೆ. ಮಗ್ಗಿನಲ್ಲಿ ಕರಗಿಸಿ ನಿಧಾನವಾಗಿ ಸುರಿ. ಗಿಡಗಳನ್ನು ಮೊದಲೇ ತೆಗೆದು ಮೀನಿಲ್ಲದ ಬಕೆಟ್‌ನಲ್ಲಿಡು, ಉಪ್ಪಿಗೆ ಅವು ಕೊಳೆಯುತ್ತವೆ.

ದಿನ ಬಿಟ್ಟು ದಿನ ಪೈಪಿನಿಂದ ತಳದ ಕಲ್ಲಿನ ಸಂದಿಯ ಕೊಳೆ ಎಳೆದು 10 ಲೀಟರ್ ತೆಗಿ. ತಳದಲ್ಲೇ ಅಲ್ವಾ ಅದು ನೂರಾಗುವುದು! ಕ್ಲೋರಿನ್ ತೆಗೆಯುವ ಹನಿ ಹಾಕಿದ 10 ಲೀಟರ್ ನೀರು, 30 ಗ್ರಾಂ ಉಪ್ಪು ಸೇರಿಸಿ ತುಂಬು. ಆವಿಯಾಗಿ ಇಳಿದ ನೀರಿಗೆ ಮಾತ್ರ ಉಪ್ಪು ಬೇಡ, ಉಪ್ಪು ಟ್ಯಾಂಕಿನಲ್ಲೇ ಇರುತ್ತದೆ. ಊಟ ದಿನಕ್ಕೊಂದು ಸಲ, ಚಿಟಿಕೆಯಷ್ಟು.

ಹೀಗೆ ಕನಿಷ್ಠ ಎರಡು ವಾರ. ನಾಲ್ಕನೇ ದಿನ ಮೀನು ಫಳಫಳ ಅಂದರೂ ಬಿಡಬೇಡ. ಉಪ್ಪಿಗೆ ಬಗ್ಗದಿದ್ದರೆ ಆಗ ಮಲಾಕೈಟ್ ಗ್ರೀನ್ ಇರುವ ಔಷಧಿ ತರೋಣ. ಅದಕ್ಕೆ ಫಿಲ್ಟರಿನ ಕಾರ್ಬನ್ ತೆಗೆಯಬೇಕು, ಇಲ್ಲದಿದ್ದರೆ ಔಷಧಿಯನ್ನೆಲ್ಲ ಅದೇ ಹೀರುತ್ತದೆ. ಗ್ಲೌಸ್ ಹಾಕಿಕೊಂಡೇ ಮುಟ್ಟಬೇಕು, ನಿಶು ಕೈಗೆ ಸಿಗಬಾರದು. ನನಗಂತೂ ಉಪ್ಪು, ಬಿಸಿಯಲ್ಲೇ ನಿಲ್ಲುತ್ತದೆ ಅನ್ನಿಸುತ್ತದೆ.

ಮುಂದೆ ಹೊಸ ಮೀನು ತಂದರೆ ಮೂರು ವಾರ ಬೇರೆ ಟಬ್‌ನಲ್ಲಿಡು. ಬಲೆಯೂ ಬೇರೆ ಇರಲಿ, ಒದ್ದೆ ಬಲೆಯಲ್ಲೇ ಇದು ದಾಟಿಬಿಡುತ್ತದೆ.

ಇನ್ನೊಂದು. ಕೊನೆಯ ಚುಕ್ಕೆ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡು, ಎರಡು ವಾರ ಮುಗಿದಿದ್ದರೂ ಅಲ್ಲಿಂದ ಒಂದು ವಾರ ಖಂಡಿತ ಮುಂದುವರಿಸಬೇಕು. ಆದರೆ ನಿನ್ನ ದೊಡ್ಡ ಮೀನಿನ ಕಿವಿರಿನ ಮುಚ್ಚಳದ ಮೇಲೆ ಸಾಲಾಗಿ ಚುಕ್ಕೆ ಇದ್ದ ಹಾಗೆ ಕಂಡಿತು. ಅಲ್ಲಿ, ಮತ್ತೆ ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಇದ್ದರೆ ಅದು ರೋಗವಲ್ಲ. ಮರಿ ಮಾಡುವ ಕಾಲಕ್ಕೆ ಗಂಡು ಗೋಲ್ಡ್‌ಫಿಶ್‌ಗೆ ಬರುವ ಗುರುತು ಅದು. ನಾಳೆ ಬೆಳಕಿದ್ದಾಗ ಹತ್ತಿರದಿಂದ ಒಂದು ಫೋಟೋ ಕಳಿಸು, ನೋಡಿ ಹೇಳುತ್ತೇನೆ.