ಮಕ್ಕಳ ಆಶ್ರಮವಾದ ಹಳೆಯ ವಾಡೆ: ಹಂಚಿನ ಮೇಲಿನ 1865ನ್ನು ನಂಬಬಹುದೇ?

ನಡುಗೋಡೆಯವ (ಪ್ರಶ್ನೆ):

ಬೆಳಗಾವಿಯ ಹಳೆಯ ಪೇಟೆಯಲ್ಲಿ ನಮ್ಮ ಮನೆಗೂ ಒಂದು ದೊಡ್ಡ ವಾಡೆಗೂ ನಡುಗೋಡೆ ಒಂದೇ. ನನಗೆ ತಿಳಿವಳಿಕೆ ಬಂದಾಗಿನಿಂದ ಅದು ಮಕ್ಕಳ ಆಶ್ರಮ. ನಮ್ಮ ತಂದೆಯವರ ಬಾಲ್ಯದಲ್ಲಿಯೂ ಹಾಗೆಯೇ ಇತ್ತಂತೆ. ಪಡಸಾಲೆಯ ಗೋಡೆಗೆ ತೂಗುಹಾಕಲು ವಾಡೆಯ ಇತಿಹಾಸವನ್ನು ಒಂದು ಪುಟದಲ್ಲಿ ಬರೆದುಕೊಡಬೇಕೆಂದು ಅಲ್ಲಿಯ ವ್ಯವಸ್ಥಾಪಕರು ಕೇಳಿದ್ದಾರೆ. ಒಪ್ಪಿಕೊಂಡ ಮೇಲೆ ತೊಡಕು ಗೊತ್ತಾಯಿತು.

ಓಣಿಯಲ್ಲಿ ಎರಡು ಮಾತುಗಳಿವೆ. ಮಕ್ಕಳಿಲ್ಲದ ಒಬ್ಬ ಅಡತಿ ವ್ಯಾಪಾರಿ ವಾಡೆಯನ್ನು ಅನಾಥ ಮಕ್ಕಳಿಗೆಂದು ದಾನ ಕೊಟ್ಟನೆಂಬುದು ಒಂದು. ಪ್ಲೇಗಿನ ಕಾಲದಲ್ಲಿ ಮನೆಯವರು ಊರು ಬಿಟ್ಟವರು ಮರಳಲೇ ಇಲ್ಲ, ಖಾಲಿ ಬಿದ್ದ ವಾಡೆಯಲ್ಲಿ ಮಕ್ಕಳನ್ನು ತಂದಿಟ್ಟರೆಂಬುದು ಇನ್ನೊಂದು. ಮೊನ್ನೆ ಅಡುಗೆಮನೆಯ ಮೇಲಿನ ಹಂಚು ಸರಿಪಡಿಸುವಾಗ ಕೆಳಗಿಳಿಸಿದ ಒಂದು ಹಂಚಿನ ಬೆನ್ನ ಮೇಲೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾರ್ಖಾನೆಯ ಹೆಸರೂ 1865 ಎಂಬ ಅಂಕಿಯೂ ಉಬ್ಬಿ ನಿಂತಿವೆ. ವಾಡೆ 1865ರದ್ದೆಂದು ಬರೆಯಬಹುದೇ? ದಾನದ ಮಾತು ನಿಜವೋ ಸುಳ್ಳೋ ಎಂಬುದನ್ನು ಯಾವ ಕಾಗದದಲ್ಲಿ ನೋಡಬೇಕು?

ಸುಣ್ಣಗಾರೆ (ಉತ್ತರ):

ಹಂಚಿನ ಮಾತನ್ನು ಮೊದಲು ಮುಗಿಸೋಣ. 1865 ಎಂಬುದು ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ. ಅಂಗಡಿಯ ಫಲಕದ ಮೇಲೆ ಸ್ಥಾಪನೆಯ ವರ್ಷ ಬರೆಸುವಂತೆ ಅವರು ಅದನ್ನು ಅಚ್ಚಿನಲ್ಲಿಯೇ ಇಟ್ಟು, ಮುಂದೆ ಎಷ್ಟೋ ವರ್ಷ ಹಂಚು ಒತ್ತಿದರು. ಇದೇ ಅಂಕಿಯನ್ನು ನಂಬಿ ತಮ್ಮ ಮನೆಗೆ ನೂರೈವತ್ತು ವರ್ಷ ತುಂಬಿತೆಂದು ಸತ್ಯನಾರಾಯಣ ಪೂಜೆ ಮಾಡಿಸಿದವರನ್ನು ನಾನು ಬಲ್ಲೆ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆದ್ದರಿಂದ ಮಿಷನ್ನಿನ ಹೆಸರಿರುವ ಹಂಚು ಬಹುತೇಕ ಅದಕ್ಕೂ ಹಿಂದಿನದು. ಬೆಳಗಾವಿಗೆ ರೈಲು ಬಂದದ್ದು 1887ರಲ್ಲಿ, ಗೋವೆಯ ಮುರಗಾಂವ ಬಂದರಿನ ಕಡೆಯ ಹಳಿ ಘಟ್ಟ ಹತ್ತಿ ಬಂದದ್ದು ಅದರ ಮರುವರ್ಷ. ಅದಕ್ಕೂ ಮೊದಲು ಇಷ್ಟು ಭಾರದ ಸರಕನ್ನು ಕರಾವಳಿಯಿಂದ ಚಕ್ಕಡಿಯಲ್ಲಿ ತರಿಸುವುದು ಸುಲಭದ ಖರ್ಚಾಗಿರಲಿಲ್ಲ. ಇಷ್ಟಾದರೂ ಹಂಚು ಹೇಳುವುದು ಛಾವಣಿಯ ವಯಸ್ಸನ್ನು, ಗೋಡೆಯದನ್ನಲ್ಲ.

ಗೋಡೆಯನ್ನೇ ನೋಡಬೇಕೆಂದಿದ್ದರೆ ಪಡಸಾಲೆಗೆ ಹೋಗಿ. ಹಳೆಯ ವಾಡೆಗಳಲ್ಲಿ ರುಮಾಲು, ಅಂಗಿ ತೂಗುಹಾಕುವ ಕಟ್ಟಿಗೆಯ ಗಿಳಿಗೂಟಗಳು ಆಳೆತ್ತರದಲ್ಲಿ, ಕಟ್ಟುವಾಗಲೇ ಗೋಡೆಯೊಳಗೆ ಸೇರಿಸಿದವು, ಇರುತ್ತವೆ. ಅವುಗಳ ಕೆಳಗೆ, ಏಳೆಂಟು ವರ್ಷದ ಹುಡುಗನ ಕೈಗೆ ಎಟಕುವಷ್ಟು ಎತ್ತರದಲ್ಲಿ ಇನ್ನೊಂದು ಸಾಲಿದೆಯೇ? ಇದ್ದರೆ ಅದು ಮಕ್ಕಳು ಬಂದ ಮೇಲಿನ ಕೆಲಸ. ಆ ಗೂಟಗಳ ಬುಡವನ್ನು ಗಾರೆಯಲ್ಲಿ ಮೆತ್ತಿದ್ದಾರೋ ಸಿಮೆಂಟಿನಲ್ಲಿಯೋ ಎಂಬುದನ್ನು ಉಗುರಿನಿಂದ ಕೆರೆದರೂ ತಿಳಿಯುತ್ತದೆ.

ನಿವೃತ್ತ ಕಾರಕೂನ (ಉತ್ತರ):

ಕಾಗದದ ವಿಷಯದಲ್ಲಿ ನಾಲ್ಕು ಮಾತು ಹೇಳುತ್ತೇನೆ. ಮನೆಯ ಇತಿಹಾಸ ಬೇರೆ, ಸಂಸ್ಥೆಯ ಇತಿಹಾಸ ಬೇರೆ. ಎರಡರ ದಪ್ತರಗಳೂ ಬೇರೆ ಬೇರೆ ಕಚೇರಿಗಳಲ್ಲಿವೆ. ಆಶ್ರಮ ಬೇರೆಲ್ಲೋ ಬಾಡಿಗೆ ಮನೆಯಲ್ಲಿ ಹುಟ್ಟಿ, ಬಹಳ ವರ್ಷಗಳ ಮೇಲೆ ಈ ವಾಡೆಗೆ ಬಂದಿರುವ ಸಾಧ್ಯತೆಯೂ ಇದೆ.

ಮೊದಲು ಸಿಟಿ ಸರ್ವೆ ಕಚೇರಿಯಲ್ಲಿ ಆ ಜಾಗದ ಉತಾರ (ಹಕ್ಕಿನ ದಾಖಲೆಯ ನಕಲು) ತೆಗೆಸಿ, ಹಿಂದಿನ ಫೇರಫಾರಗಳ, ಅಂದರೆ ಮಾಲೀಕರ ಹೆಸರು ಬದಲಾದ ನೋಂದುಗಳ, ನಕಲನ್ನೂ ಕೇಳಿ. ಹೆಸರು ಬದಲಾದ ಕಡೆಯಲ್ಲೆಲ್ಲ ಕಾರಣ ಬರೆದಿರುತ್ತಾರೆ: ಖರೇದಿ, ಬಕ್ಷೀಸ್ (ದಾನ), ವಾರಸಾ, ವಾಟಣಿ (ಪಾಲು) ಎಂದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 123ನೆಯ ಕಲಮಿನ ಪ್ರಕಾರ ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರವೇ ಬೇಕು, ಬಾಯಿಮಾತಿನ ದಾನ ನಡೆಯುವುದಿಲ್ಲ. ಹೀಗಾಗಿ ನಿಮ್ಮ ವ್ಯಾಪಾರಿ ಬದುಕಿದ್ದಾಗ ಕೊಟ್ಟಿದ್ದರೆ ಉಪನೋಂದಣಿ ಕಚೇರಿಯಲ್ಲಿ ಅದರ ಗುರುತು ಸಿಗಬೇಕು. ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದರೆ ಮಾತು ಬೇರೆ, ಏಕೆಂದರೆ ಅದನ್ನು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ.

ಸಂಸ್ಥೆಯ ಮೂಲಕ್ಕೆ 1950ರ ಬಾಂಬೆ ಸಾರ್ವಜನಿಕ ವಿಶ್ವಸ್ಥ ನಿಧಿ ಕಾಯ್ದೆಯ ನೋಂದಣಿಯನ್ನು ಹುಡುಕಿ. ಬೆಳಗಾವಿ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಆ ಕಾಯ್ದೆ ಏಕೀಕರಣದ ನಂತರವೂ ನಮ್ಮ ಭಾಗದಲ್ಲಿ ಮುಂದುವರಿಯಿತು. ಅದರಡಿ ಅರ್ಜಿ ಹಾಕಿದ ಪ್ರತಿಯೊಂದು ಟ್ರಸ್ಟೂ ತನ್ನ ಸ್ಥಿರಾಸ್ತಿಯ ವಿವರ ಕೊಡಬೇಕಿತ್ತು.

ಹಳೆಯ ಪತ್ರ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದರೆ ಗಾಬರಿಯಾಗಬೇಡಿ, ಓದುವವರು ಬೆಳಗಾವಿಯಲ್ಲಿ ಇನ್ನೂ ಸಿಗುತ್ತಾರೆ. ಇಸವಿಯ ಬಗ್ಗೆ ಮಾತ್ರ ಎಚ್ಚರವಿರಲಿ: 1320 ಎಂದಿದ್ದರೆ ಅದು ಬಹುಶಃ ಫಸಲಿ (ಹಳೆಯ ಕಂದಾಯ ವರ್ಷ), 590 ಕೂಡಿಸಿದರೆ 1910 ಆಗುತ್ತದೆ, ಶಕ ವರ್ಷವಾಗಿದ್ದರೆ 78 ಕೂಡಿಸಬೇಕು.

ಪ್ಲೇಗಿನ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. 1897ರ ನಂತರದ ವರ್ಷಗಳಲ್ಲಿ ಜನ ಊರ ಹೊರಗೆ ಗುಡಿಸಲು ಹಾಕಿಕೊಂಡದ್ದು ನಿಜವೇ, ಆದರೆ ಬೇನೆ ಇಳಿದ ಮೇಲೆ ಮರಳಿ ಬರುತ್ತಿದ್ದರು. ಪೇಟೆಯ ವಾಡೆಯನ್ನು ಹಾಗೆಯೇ ಬಿಟ್ಟುಕೊಡುವ ವಾರಸುದಾರರನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ.

ಬೆಳಕಿಂಡಿ (ಉತ್ತರ):

ಇಂಥದೇ ಒಂದು ಸಂಸ್ಥೆಯಲ್ಲಿ ಕೆಲಸ ಮಾಡಿದ ಅನುಭವದಿಂದ ಒಂದು ಮಾತು ಸೇರಿಸುತ್ತೇನೆ. ಬಾಗಿಲಿನ ಮೇಲಿನ ಹೆಸರು ಕಾಲಕಾಲಕ್ಕೆ ಬದಲಾಗಿರುತ್ತದೆ, ಅದರ ಹಿಂದೆ ಕಾಯ್ದೆಗಳಿವೆ. 1924ರ ಬಾಂಬೆ ಮಕ್ಕಳ ಕಾಯ್ದೆ, ಅದರ ಜಾಗಕ್ಕೆ ಬಂದ 1948ರ ಕಾಯ್ದೆ, 1964ರ ಕರ್ನಾಟಕ ಮಕ್ಕಳ ಕಾಯ್ದೆ, ಆ ಮೇಲೆ 1986, 2000 ಮತ್ತು 2015ರ ಬಾಲನ್ಯಾಯ ಕಾಯ್ದೆಗಳು. ಹಳೆಯ ಫಲಕಗಳಲ್ಲಿ ‘ಅನಾಥಾಶ್ರಮ’ ಎಂದಿದ್ದದ್ದು ಈಗಿನ ಕಾಗದಗಳಲ್ಲಿ ‘ಮಕ್ಕಳ ಪಾಲನಾ ಸಂಸ್ಥೆ’ಯಾಗಿದೆ. ಹೆಸರು ಬದಲಾದ ವರ್ಷವನ್ನು ಸ್ಥಾಪನೆಯ ವರ್ಷವೆಂದು ತಿಳಿಯಬೇಡಿ.

ಹಳೆಯ ದಾಖಲಾತಿ ಪುಸ್ತಕವನ್ನು ನಿಮ್ಮ ಕೈಗೆ ಕೊಟ್ಟರೆ ಒಂದು ವಿನಂತಿ: ಮೊದಲ ಮಗು ಬಂದ ದಿನವನ್ನು ಬರೆದುಕೊಳ್ಳಿ, ಹೆಸರನ್ನು ಬರೆದುಕೊಳ್ಳಬೇಡಿ. 2015ರ ಕಾಯ್ದೆಯ 74ನೆಯ ಕಲಮು ಇಂಥ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಕಾಯ್ದೆ ಹಾಗಿರಲಿ, ಆ ಪುಸ್ತಕದಲ್ಲಿ ‘ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಕೂಸು’ ಎಂದು ಬರೆಸಿಕೊಂಡವರು ಇಂದು ಮೊಮ್ಮಕ್ಕಳೊಡನೆ ಇದೇ ಊರಿನಲ್ಲಿ ಇರಬಹುದು.

ನಡುಗೋಡೆಯವ:

ಎಲ್ಲರಿಗೂ ಕೃತಜ್ಞತೆಗಳು. ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಉತಾರ ಕೈಗೆ ಬರಲು ಮೂರು ವಾರ ಹಿಡಿಯಿತು.

ಗೂಟಗಳ ಎರಡನೆಯ ಸಾಲು ಇದೆ, ನನ್ನ ಸೊಂಟದಷ್ಟು ಎತ್ತರದಲ್ಲಿ. ಇಷ್ಟು ವರ್ಷ ನೋಡುತ್ತಿದ್ದರೂ ಲಕ್ಷ್ಯಕ್ಕೆ ಬಂದಿರಲಿಲ್ಲ. ಅದರ ಬುಡದಲ್ಲಿರುವುದು ಸಿಮೆಂಟು.

ಫೇರಫಾರದಲ್ಲಿ ಬಕ್ಷೀಸ್ ಎಂಬ ಶಬ್ದವೇ ಇಲ್ಲ, ಖರೇದಿ ಎಂದಿದೆ. ವ್ಯಾಪಾರಿ ವಾಡೆಯನ್ನು ಮಾರಿದ್ದಾನೆ, ಆಶ್ರಮದ ಕಮಿಟಿಯವರು ಕೊಂಡಿದ್ದಾರೆ. ಕಮಿಟಿಗೆ ದುಡ್ಡು ಎಲ್ಲಿಂದ ಬಂತೆಂದು ವ್ಯವಸ್ಥಾಪಕರು ಅಟ್ಟದ ಮೇಲಿನ ಟ್ರಂಕು ತೆಗೆಸಿದಾಗ ವಂತಿಗೆಯ ಪುಸ್ತಕವೊಂದು ಸಿಕ್ಕಿತು. ಒಂದು ರೂಪಾಯಿ, ಎಂಟಾಣೆ, ಅರ್ಧ ಚೀಲ ಜೋಳ, ಎರಡು ದಿನದ ಗೌಂಡಿ ಕೆಲಸ: ಓಣಿಯ ಹೆಚ್ಚುಕಡಿಮೆ ಎಲ್ಲ ಮನೆಗಳೂ ಅದರಲ್ಲಿವೆ. ನಮ್ಮ ಅಜ್ಜನ ಹೆಸರಿನ ಮುಂದೆ ನಾಲ್ಕಾಣೆ ಬರೆದು, ‘ಬಾಕಿ’ ಎಂದು ಷರಾ ಹಾಕಿದ್ದಾರೆ. ವ್ಯಾಪಾರಿಯ ದಾನದ ಕಥೆಯನ್ನು ನನಗೆ ಮೊದಲು ಹೇಳಿದವರೂ ಅಜ್ಜನೇ.

ಇತಿಹಾಸದ ಪುಟವನ್ನು ಮತ್ತೆ ಬರೆಯುತ್ತಿದ್ದೇನೆ. ಹಂಚನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂಬ ವಿಚಾರವಿತ್ತು. ಮಳೆ ಜೋರಾದ್ದರಿಂದ ಅದನ್ನು ಅಡುಗೆಮನೆಯ ಮೇಲೆ ಇದ್ದಲ್ಲಿಗೇ ಏರಿಸಿದ್ದಾರೆ.