ಗ್ರೀಸ್ ಹಚ್ಚಿದರೂ ಬೈಕಿನ ಚೈನ್ ಕರಕರ ಎನ್ನುತ್ತದೆ, ನಿಧಾನವಾಗಿ ಹೋಗುವಾಗ ಜಗ್ಗುತ್ತದೆ: ಪರಿಹಾರ ತಿಳಿಸಿ

ಪ್ರಶ್ನೆ (ಬೀದರ್)

ಎಲ್ಲರಿಗೂ ಶರಣು. ನನ್ನದು 150 ಸಿಸಿ ಬೈಕು. ಚೈನಿಗೆ ಪೂರ್ತಿ ಮುಚ್ಚಳವಿಲ್ಲ. ಪಟ್ಟಿಯ ಮೇಲೆ 428 ಎಂದು ಕೊರೆದಿದೆ, ಪಟ್ಟಿಗಳ ಸಂದಿಯಲ್ಲಿ ಕಪ್ಪು ರಬ್ಬರ್ ಉಂಗುರಗಳು ಕಾಣುತ್ತವೆ. ದಿನಾಲೂ ಹುಮನಾಬಾದ್ ಕಡೆಗೆ ಹೋಗಿ ಬರುವ ಕೆಲಸ. ಹೆದ್ದಾರಿ ಬಿಟ್ಟು ಒಳಗೆ ಹೊರಳಿದ ಮೇಲೆ ಎಲ್ಲವೂ ಕೆಂಪು ಮಣ್ಣಿನ ಕಚ್ಚಾ ರಸ್ತೆ. ಸದ್ದು ಬಂದಾಗಲೆಲ್ಲ ಗ್ರೀಸ್ ಹಚ್ಚುತ್ತ ಬಂದಿದ್ದೇನೆ. ಹಚ್ಚಿದಾಗ ಅಡಗುತ್ತದೆ, ವಾರ ಕಳೆಯುವುದರೊಳಗೆ ಮೊದಲಿಗಿಂತ ಜೋರಾಗಿ ಶುರುವಾಗುತ್ತದೆ. ಇತ್ತೀಚೆಗೆ ಎರಡನೆಯ ಗೇರಿನಲ್ಲಿ ನಿಧಾನವಾಗಿ ಹೋಗುವಾಗ ಬೈಕು ಒಂದೇ ಲಯದಲ್ಲಿ ಸಣ್ಣಗೆ ಜಗ್ಗಿದಂತಾಗುತ್ತದೆ. ಗ್ಯಾರೇಜಿನಲ್ಲಿ ಚೈನ್ ಬಿಗಿ ಮಾಡಿಕೊಟ್ಟರು. ಆಮೇಲೆ ಜಗ್ಗುವುದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಗ್ರೀಸ್ ಬದಲು ಯಾವ ಎಣ್ಣೆ ಹಾಕಬೇಕು? ಅಥವಾ ಚೈನ್ ಸೆಟ್ಟೇ ಬದಲಿಸುವ ಕಾಲ ಬಂದಿದೆಯೇ?

ಉತ್ತರ (ಕಲಬುರಗಿ)

ಶರಣು. ಯಾವ ಎಣ್ಣೆ ಎಂಬುದು ಆಮೇಲಿನ ಮಾತು. ಈಗ ಚೈನಿನ ಮೇಲೆ ಕೂತಿರುವ ಗ್ರೀಸ್ ಮೊದಲು ಪೂರ್ತಿ ಹೋಗಬೇಕು. ನಿಮ್ಮದು ಓ-ರಿಂಗ್ ಚೈನ್. ಅದರ ಕೊಂಡಿಗಳನ್ನು ಜೋಡಿಸುವ ಪಿನ್ನಿಗೂ ಪಿನ್ನಿನ ಸುತ್ತಲಿನ ಕೊಳವೆಯಾದ ಬುಷ್ಷಿಗೂ ನಡುವೆ ಬೇಕಾದ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ, ಅದು ಹೊರಗೆ ಬಾರದಂತೆ ಮತ್ತು ದೂಳು, ನೀರು ಒಳಗೆ ಹೋಗದಂತೆ ಎರಡೂ ಬದಿಗೆ ಆ ರಬ್ಬರ್ ಉಂಗುರಗಳನ್ನು ಕೂರಿಸಿರುತ್ತಾರೆ. ಆದ್ದರಿಂದ ಮೇಲಿನಿಂದ ಎಷ್ಟೇ ಗ್ರೀಸ್ ಮೆತ್ತಿದರೂ ಅದು ಪಿನ್ನಿನವರೆಗೆ ತಲುಪುವುದಿಲ್ಲ. ಬುಷ್ಷಿನ ಮೇಲೆ ಉರುಳುವ ರೋಲರ್ ಮತ್ತು ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲು ತಿಕ್ಕಾಡುವಲ್ಲಿ ಒಂದು ಪದರ ನಿಲ್ಲಿಸುವುದು, ಉಂಗುರಗಳು ಒಣಗದಂತೆ ನೋಡಿಕೊಳ್ಳುವುದು, ತುಕ್ಕು ತಡೆಯುವುದು, ಇಷ್ಟೇ ಹೊರಗಿನ ಎಣ್ಣೆಯ ಕೆಲಸ. ಅದಕ್ಕೆ ತೆಳುವಾದ ಲೇಪ ಸಾಕು. ದಪ್ಪ ಗ್ರೀಸ್ ನಮ್ಮ ಕಡೆಯ ದೂಳನ್ನು ಹಿಡಿದಿಟ್ಟುಕೊಂಡು ಸಾಣೆಕಲ್ಲಿನಂತೆ ಲೋಹವನ್ನು ಸವೆಸುತ್ತದೆ. ರೋಲರ್ ಪಕ್ಕದಲ್ಲಿ ಕೂತಿರುವ ಕಪ್ಪು ಮೆತ್ತೆಯನ್ನು ಸ್ವಲ್ಪ ಕೆರೆದು ಎರಡು ಬೆರಳ ನಡುವೆ ಉಜ್ಜಿ ನೋಡಿ. ನುಣ್ಣಗೆ ಜಾರದೆ ಮರಳು ಮರಳಾಗಿ ಹತ್ತಿದರೆ ಆ ಕರಕರ ಸದ್ದು ಅದರದೇ.

ಸ್ವಚ್ಛ ಮಾಡುವಾಗ ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ, ಕೀಲಿ ತೆಗೆದು, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ರೂಢಿ ಹಲವರಿಗಿದೆ; ಬಟ್ಟೆಯ ಚುಂಗು ಹಲ್ಲಿಗೆ ಸಿಕ್ಕರೆ ಬೆರಳು ಹೋಗಲು ಕ್ಷಣವೂ ಬೇಡ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಟೈರಿನ ಮೇಲೆ ಹಳೆಯ ಚೀಲವನ್ನೋ ರಟ್ಟನ್ನೋ ಮುಚ್ಚಿ, ಮೆದು ಎಳೆಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನಿನ ನಾಲ್ಕೂ ಮಗ್ಗುಲು ಉಜ್ಜಿ. ಓ-ರಿಂಗ್ ಚೈನಿಗೆ ಒಪ್ಪುತ್ತದೆ ಎಂದು ಬರೆದಿರುವ ಚೈನ್ ಕ್ಲೀನರ್ ಸ್ಪ್ರೇ ಆದರೂ ನಡೆಯುತ್ತದೆ. ಪೆಟ್ರೋಲ್ ಮತ್ತು ಥಿನ್ನರ್ ಬೇಡ, ಅವು ರಬ್ಬರನ್ನು ಕೆಡಿಸುತ್ತವೆ. ಪೆಟ್ರೋಲಿನಿಂದ ಬೆಂಕಿಯ ಅಪಾಯವೂ ಇದೆ. ತಂತಿ ಬ್ರಷ್ ಉಂಗುರಗಳನ್ನು ಹರಿಯುತ್ತದೆ. ವಾಟರ್ ಸರ್ವಿಸ್‌ನ ಜೋರು ನೀರನ್ನು ಹತ್ತಿರದಿಂದ ಚೈನಿಗೆ ಬಿಡಿಸಬಾರದು, ಏಕೆಂದರೆ ಆ ಒತ್ತಡ ಉಂಗುರ ದಾಟಿ ನೀರನ್ನು ಒಳಗೆ ನುಗ್ಗಿಸುತ್ತದೆ.

ಇನ್ನೊಂದು ಜಾಗವನ್ನು ಬಹಳ ಜನ ಮರೆಯುತ್ತಾರೆ. ಎಂಜಿನ್ ಬದಿಯ ಸಣ್ಣ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿ ನೋಡಿ. ಹಚ್ಚುತ್ತ ಬಂದ ಗ್ರೀಸು ಮಣ್ಣಿನೊಂದಿಗೆ ಕಲೆತು ಅಲ್ಲಿ ಗಟ್ಟಿ ಹೆಂಟೆಯಾಗಿ ಕೂತಿರುತ್ತದೆ. ಅದನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ತೆಗೆಯದೆ ಬರಿಯ ಚೈನ್ ತೊಳೆದರೆ, ಬೈಕು ಓಡಿದ ಮೊದಲ ದಿನವೇ ಅದೇ ಹೊಲಸು ಚೈನಿಗೆ ಮತ್ತೆ ಹತ್ತುತ್ತದೆ.

ಬೈಕು ಜಗ್ಗುವುದು ಮಾತ್ರ ಎಣ್ಣೆಯ ವಿಷಯವಲ್ಲ. ಚೈನ್ ಒಣಗಿದ ಮೇಲೆ ಕೆಳಗಿನ ಸಾಲಿನ ನಟ್ಟನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿ, ಎಷ್ಟು ಮಿ.ಮೀ. ಆಡುತ್ತದೆ ಎಂದು ಸ್ಕೇಲ್ ಹಿಡಿದು ನೋಡಿ. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹಲವು ಕಡೆ ಹೀಗೆ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಕಂಡರೆ ಬಿಗಿಯಾದಲ್ಲಿ ಚೈನಿಗೊಂದು, ಹಿಂದಿನ ಸ್ಪ್ರಾಕೆಟ್ಟಿಗೊಂದು ಚಾಕ್‌ಪೀಸಿನ ಗುರುತು ಹಾಕಿ. ಚೈನಿನ ಗುರುತು ಸುತ್ತಿ ಬಂದಾಗ ಮಾತ್ರ ಬಿಗಿಯಾದರೆ ದೋಷ ಚೈನಿನದು. ಸ್ಪ್ರಾಕೆಟ್ಟಿನ ಗುರುತು ಬಂದಾಗಲೆಲ್ಲ ಬಿಗಿಯಾದರೆ ಸ್ಪ್ರಾಕೆಟ್ ಅಥವಾ ಹಿಂದಿನ ಚಕ್ರದ ಹಬ್ (ನಡುಭಾಗ) ಪರೀಕ್ಷಿಸಬೇಕು. ಜೊತೆಗೆ, ಚೈನನ್ನು ಎಳೆದು ಹಿಡಿದು 21 ಪಿನ್ನುಗಳನ್ನು ಎಣಿಸಿ, ಮೊದಲ ಪಿನ್ನಿನ ನಡುವಿನಿಂದ ಕೊನೆಯ ಪಿನ್ನಿನ ನಡುವಿನವರೆಗಿನ ಉದ್ದವನ್ನು ಮೂರ್ನಾಲ್ಕು ಕಡೆ ತೆಗೆದುಕೊಳ್ಳಿ. 428ರಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ.; ಹೊಸ ಚೈನಾದರೆ ಈ 20 ಅಂತರಗಳಿಗೆ 254 ಮಿ.ಮೀ. ಬರಬೇಕು. ಅಳತೆಗಳನ್ನು ಇಲ್ಲಿ ಬರೆಯಿರಿ, ಮುಂದಿನದನ್ನು ನೋಡೋಣ.

ಪ್ರಶ್ನೆ (ಯಾದಗಿರಿ)

ನಡುವೆ ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನದು 100 ಸಿಸಿ ಬೈಕು, ಚೈನಿಗೆ ಪೂರ್ತಿ ತಗಡಿನ ಮುಚ್ಚಳವಿದೆ, ರಬ್ಬರ್ ಉಂಗುರಗಳಿಲ್ಲ. ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್ಲನ್ನೇ ಮುಚ್ಚಳದ ರಂಧ್ರದಿಂದ ಬಿಡುತ್ತೇನೆ. ಇದು ಸರಿಯೇ?

ಉತ್ತರ (ಕಲಬುರಗಿ)

ಬೇಡ. ಇಳಿಸಿದ ಆಯಿಲ್ಲಿನಲ್ಲಿ ಎಂಜಿನ್ ಸವೆದ ಲೋಹದ ಕಣಗಳೂ ಸುಟ್ಟ ಹೊಲಸೂ ಇರುತ್ತವೆ. ಉಂಗುರವಿಲ್ಲದ ಚೈನಿಗೆ ಎಣ್ಣೆ ಪಿನ್ನಿನವರೆಗೆ ಇಳಿಯಲೇಬೇಕು, ಅಂಥ ಕಡೆಗೆ ಲೋಹದ ಪುಡಿಯನ್ನು ಕಳಿಸಬಾರದು. 90 ನಂಬರಿನ ಗೇರ್ ಆಯಿಲ್ ಹಾಕಿ. ನಿಮ್ಮಲ್ಲಿ ಮಳೆಗಾಲದ ಎರೆಮಣ್ಣು ಮುಚ್ಚಳದ ಸಂದಿಯಿಂದ ಒಳಗೆ ಸೇರಿ ಗಟ್ಟಿಯಾಗುತ್ತದೆ. ಆದ್ದರಿಂದ ಮಳೆ ಮುಗಿದ ಮೇಲೆ ಒಮ್ಮೆ ಮುಚ್ಚಳ ಬಿಚ್ಚಿಸಿ, ಚೈನ್ ಕಳಚಿ ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆಯುವುದು ಒಳ್ಳೆಯದು. ಮತ್ತೆ ಜೋಡಿಸುವಾಗ ಚೈನ್ ಲಾಕಿನ (ಚೈನಿನ ಎರಡು ತುದಿ ಸೇರಿಸುವ ಕೊಂಡಿ) ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಮುಖ ಮಾಡಿರಬೇಕು, ತೆರೆದ ಬಾಯಿ ಹಿಂದಕ್ಕಿರಬೇಕು. ತಿರುವುಮುರುವಾದರೆ ಕ್ಲಿಪ್ ಕಳಚಿ ಬಿದ್ದು, ಓಡುವಾಗಲೇ ಚೈನ್ ಬಿಚ್ಚಿಕೊಂಡೀತು.

ಮರುಮಾತು (ಬೀದರ್)

ನೀವು ಹೇಳಿದಂತೆ ತೊಳೆದೆ. ಸಣ್ಣ ಸ್ಪ್ರಾಕೆಟ್ಟಿನ ಕವರಿನೊಳಗೆ ಹಲ್ಲುಗಳೇ ಕಾಣದಷ್ಟು ಹೊಲಸು ತುಂಬಿತ್ತು. ಕರಕರ ಬಹುಮಟ್ಟಿಗೆ ನಿಂತಿದೆ. ಆದರೆ ಚೈನಿನ ಆಟ ಒಂದು ಕಡೆ 15 ಮಿ.ಮೀ., ಮತ್ತೊಂದು ಕಡೆ 40 ಮಿ.ಮೀ. ಇದೆ; ಬಿಗಿ ಬರುವುದು ಚೈನಿನ ಗುರುತಿನ ಜೊತೆಗೇ. 21 ಪಿನ್ನುಗಳ ಉದ್ದ ಒಂದು ಕಡೆ 256, ಇನ್ನೊಂದು ಕಡೆ 260 ಬಂತು. ಕೆಲವು ಕೊಂಡಿಗಳಲ್ಲಿ ಉಂಗುರದ ಸುತ್ತ ಕೆಂಪು ಪುಡಿ ಕಾಣುತ್ತದೆ, ಅದು ದಾರಿಯ ಮಣ್ಣಿರಬಹುದು ಎಂದುಕೊಂಡಿದ್ದೇನೆ.

ಉತ್ತರ (ಕಲಬುರಗಿ)

ಬೀದರಿನ ಮಣ್ಣೇ ಕೆಂಪಾದ್ದರಿಂದ ಆ ಪುಡಿಯನ್ನು ಸರಿಯಾಗಿ ಗುರುತಿಸಬೇಕು. ಸೀಮೆಎಣ್ಣೆ ಹಾಕಿದ ಬಟ್ಟೆಯಿಂದ ಒರೆಸಿ, ಡಾಂಬರು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಬಂದು ಮತ್ತೆ ನೋಡಿ. ದಾರಿಯ ಮಣ್ಣಾದರೆ ಚೈನಿನ ಉದ್ದಕ್ಕೂ ಒಂದೇ ಸಮನೆ ಹತ್ತಿರುತ್ತದೆ, ಒರೆಸಿದರೆ ಹೋಗುತ್ತದೆ. ಅದೇ ಕೊಂಡಿಗಳ ಅದೇ ಉಂಗುರದ ಸಂದಿಯಿಂದ ಮತ್ತೆ ಕೆಂಪು ಪುಡಿ ಹೊರಬಂದಿದ್ದರೆ ಅದು ತುಕ್ಕು. ಅಂದರೆ ಅಲ್ಲಿ ಉಂಗುರ ಹೋಗಿದೆ, ಒಳಗಿನ ಗ್ರೀಸ್ ಖಾಲಿಯಾಗಿ ಪಿನ್ನು ಬುಷ್ಷು ಒಣಗಿ ತಿಕ್ಕಾಡುತ್ತಿವೆ. ಇಂಥ ಕೊಂಡಿಗಳು ಬೇಗ ಸವೆದು ಉದ್ದವಾಗುತ್ತವೆ, ಉಂಗುರ ಗಟ್ಟಿಯಿರುವ ಕೊಂಡಿಗಳು ಹಾಗೆಯೇ ಉಳಿಯುತ್ತವೆ. ಒಂದೇ ಚೈನಿನಲ್ಲಿ 256 ಮತ್ತು 260 ಎರಡೂ ಬಂದದ್ದು ಹೀಗೆ. ಗ್ಯಾರೇಜಿನವರು ಸಡಿಲವಾದ ಕಡೆ ನೋಡಿ ಬಿಗಿ ಮಾಡಿರಬೇಕು, ಅದರಿಂದ ಬಿಗಿಯಾದ ಭಾಗ ಮತ್ತಷ್ಟು ಬಿಗಿಯಾಗಿ ಜಗ್ಗುವುದು ಹೆಚ್ಚಿತು. ಹಾಗೇ ಓಡಿಸುತ್ತಿದ್ದರೆ ಹಿಂದಿನ ಚಕ್ರದ ಬೇರಿಂಗಿಗೂ ಎಂಜಿನ್ ಶಾಫ್ಟಿನ ಬೇರಿಂಗಿಗೂ ಪೆಟ್ಟು.

ಸಾಮಾನ್ಯವಾಗಿ ಶೇ. 2ರಷ್ಟು ಉದ್ದವಾದ ಚೈನನ್ನು ಬದಲಿಸಬೇಕು; 254ಕ್ಕೆ ಅದು ಸುಮಾರು 259 ಆಗುತ್ತದೆ. ನಿಮ್ಮದು ಒಂದು ಭಾಗದಲ್ಲಿ ಅದನ್ನು ದಾಟಿದೆ, ಒಳಗೆ ಖಾಲಿಯಾದ ಗ್ರೀಸನ್ನು ಹೊರಗಿನ ಯಾವ ಎಣ್ಣೆಯೂ ತುಂಬಿಕೊಡದು. ಬದಲಿಸಿಬಿಡಿ. ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಹಾಕಿಸಿ, ಏಕೆಂದರೆ ಉದ್ದವಾದ ಚೈನಿಗೆ ಹೊಂದಿಕೊಂಡು ಸವೆದ ಹಲ್ಲುಗಳು ಹೊಸ ಚೈನನ್ನೂ ಬೇಗ ಹಾಳುಮಾಡುತ್ತವೆ. ಚಕ್ರ ಬಿಚ್ಚಿದಾಗ ಹಬ್ಬಿನೊಳಗಿನ ರಬ್ಬರುಗಳನ್ನೂ ನೋಡಿಸಿ; ಅವು ಸೊರಗಿದ್ದರೆ ಎಕ್ಸಿಲರೇಟರ್ ಕೊಟ್ಟು ಬಿಟ್ಟಾಗ ಬರುವ ಹೊಡೆತವೆಲ್ಲ ನೇರ ಚೈನಿನ ಮೇಲೆ ಬೀಳುತ್ತದೆ.

ಹೊಸ ಚೈನಿಗೆ ಗ್ರೀಸ್ ಮುಟ್ಟಿಸಬೇಡಿ. ಓಡಿಸಿ ಬಂದ ಮೇಲೆ ಚೈನ್ ಬೆಚ್ಚಗಿರುವಾಗ, ಕೆಳಸಾಲಿನ ಒಳಮೈಗೆ 90 ನಂಬರಿನ ಗೇರ್ ಆಯಿಲ್ಲನ್ನು ಬ್ರಷ್ಷಿನಿಂದ ತೆಳುವಾಗಿ ಸವರಿ. ತಿರುಗುವಾಗ ಅದು ತಾನಾಗಿ ಹೊರಮೈಗೆ ಹರಡುತ್ತದೆ. ಕಚ್ಚಾ ರಸ್ತೆಯೇ ಹೆಚ್ಚಾದರೆ ಮೇಣದಂತೆ ಒಣಗುವ ಚೈನ್ ಲ್ಯೂಬ್ ಸ್ಪ್ರೇ ಇನ್ನೂ ಒಳ್ಳೆಯದು, ಅದಕ್ಕೆ ದೂಳು ಕಡಿಮೆ ಹತ್ತುತ್ತದೆ. ಯಾವುದೇ ಆಗಲಿ, ಸಂಜೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒಣ ಬಟ್ಟೆಯಿಂದ ಹೊರಗಿನ ಹೆಚ್ಚುವರಿಯನ್ನು ಒರೆಸಿಯೇ ಹೊರಡಿ. ಟೈರಿಗೆ, ಬ್ರೇಕಿಗೆ ಎಣ್ಣೆ ತಾಗಿದ್ದರೆ ಅದನ್ನು ಪೂರ್ತಿ ತೆಗೆಯದೆ ಬೈಕು ಎತ್ತಬೇಡಿ. ಒಳ್ಳೆಯ ರಸ್ತೆಯಾದರೆ ಸುಮಾರು 500 ಕಿ.ಮೀ.ಗೊಮ್ಮೆ ಈ ಕೆಲಸ ಸಾಕು; ನಿಮ್ಮ ದಾರಿಗೆ 300ರ ಆಸುಪಾಸಿನಲ್ಲೇ ಮಾಡಿ, ಮಳೆಯಲ್ಲಿ ತೊಯ್ದರೆ ಅದೇ ದಿನ ಒರೆಸಿ ಎಣ್ಣೆ ಸವರಿ. ಚೈನಿನ ಆಟ ಎಷ್ಟಿರಬೇಕೆಂದು ಬೈಕಿನ ಪುಸ್ತಕದಲ್ಲಿ ಇರುತ್ತದೆ, ಇಂಥ ಬೈಕುಗಳಿಗೆ ಹೆಚ್ಚಾಗಿ 20ರಿಂದ 30 ಮಿ.ಮೀ. ಅದನ್ನು ಅತ್ಯಂತ ಬಿಗಿಯಾದ ಜಾಗದಲ್ಲೇ ಹೊಂದಿಸಬೇಕು, ಹಿಂದಿನ ಚಕ್ರದ ಎರಡೂ ಬದಿಯ ಗುರುತಿನ ಗೆರೆಗಳು ಸಮನಾಗಿರಬೇಕು. ಹೊಸ ಚೈನ್ ಮೊದಮೊದಲು ಸ್ವಲ್ಪ ಸಡಿಲವಾಗುವುದು ಸಹಜ, ಆದ್ದರಿಂದ ಮೊದಲ 500 ಕಿ.ಮೀ. ಆದೊಡನೆ ಒಮ್ಮೆ ಅಳೆದು ಹೊಂದಿಸಿಕೊಳ್ಳಿ.